ನೂಲು ಕಡಿಯುವ ಹಲ್ಲು

ಒದ್ದೆ ಬಟ್ಟೆಯ ತುದಿಯನ್ನು ತೋರುಬೆರಳಿಗೆ ಸುತ್ತಿಕೊಂಡು ಮಗುವಿನ ಮೇಲಿನ ಒಸಡನ್ನು ಒರೆಸಿಯಾಗಿತ್ತು. ಕೆಳಗಿನದಕ್ಕೆ ಬರುವಷ್ಟರಲ್ಲಿ ಮಗಳು ಬೆರಳನ್ನೇ ಕಚ್ಚಿ ಹಿಡಿದಳು. ಹೊಸದಾಗಿ ಮೂಡಿದ ಎರಡು ಹಲ್ಲು, ಅಕ್ಕಿಕಾಳಿನಷ್ಟು. ಆದರೂ ಚುರ್ ಎಂದಿತು.

"ಕಚ್ಚಿದಳಾ ಕಳ್ಳಿ?" ಹೊಲಿಗೆ ಯಂತ್ರದ ಪಕ್ಕ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದ ಅತ್ತೆ ಕೇಳಿದರು. "ಎಷ್ಟು ತಿಕ್ತೀಯೇ? ಹೇಗಿದ್ರೂ ಬಿದ್ದುಹೋಗೋ ಹಲ್ಲು."

"ಬೀಳೋತನಕ ಅದರಲ್ಲೇ ತಿನ್ನಬೇಕಲ್ಲ ಅತ್ತೆ."

"ನಿನ್ನ ಗಂಡನ ಒಸಡು ನಾನು ಒಂದಿನಾನೂ ಮುಟ್ಟಿದವಳಲ್ಲ."

"ಅದಕ್ಕೇ ಇರಬೇಕು, ಅವರು ಮನೇಲಿ ಬಾಯೇ ತೆಗೆಯಲ್ಲ."

ಅತ್ತೆ ಸೂಜಿ ಕೆಳಗಿಟ್ಟು ನಕ್ಕರು. ಸೊಸೆಯೂ ನಕ್ಕಳು, ತುಟಿ ಬಿಗಿಹಿಡಿದು. ಮದುವೆಯ ಹೊಸದರಲ್ಲಿ ಅದನ್ನು ಎಲ್ಲರೂ ನಾಚಿಕೆ ಎಂದುಕೊಂಡಿದ್ದರು. ಹೊಲಿಗೆಯ ನೂಲು ಕಡಿದು ಕಡಿದು ಅವಳ ಮುಂದಿನ ಹಲ್ಲಿಗೆ ಕಚ್ಚು ಬಿದ್ದಿತ್ತು. ಬಲಗಡೆಯ ದವಡೆ ಹಲ್ಲು ಹುಳುಕಾಗಿ, ಬಿಸಿ ತಾಗಿದರೆ ಜೀವ ಹೋದಂತಾಗುತ್ತಿತ್ತು. ಆ ಬಾಯನ್ನು ಇನ್ನೊಬ್ಬರೆದುರು ತೆರೆಯುವುದು ಹೇಗೆಂದು ಎಡಗಡೆಯಿಂದಲೇ ಅಗಿದು ಕಾಲ ತಳ್ಳುತ್ತಿದ್ದಳು.

ಬೇಯಿಸಿ ಕಿವುಚಿದ ಸೇಬನ್ನು ತಂದಳು. ಬಿಸಿ ನೋಡಲೆಂದು ಚಮಚವನ್ನು ತನ್ನ ಬಾಯಿಗಿಡಲು ಹೋದ ಕೈ ಅಲ್ಲೇ ನಿಂತಿತು. ಮೊನ್ನೆ ಚುಚ್ಚುಮದ್ದು ಹಾಕಿಸುವಾಗ ನರ್ಸ್ ಹೇಳಿದ್ದರು: "ನಿಮ್ಮ ಬಾಯಿಗಿಟ್ಟ ಚಮಚ ಮಗೂಗೆ ಬೇಡಮ್ಮ. ಹುಳುಕಿನ ಕ್ರಿಮಿ ದಾಟುತ್ತೆ. ನಿಮ್ಮ ಹಲ್ಲು ಚೆನ್ನಾಗಿದೆ ತಾನೇ?"

"ಹೂಂ," ಎಂದುಬಿಟ್ಟಿದ್ದಳು.

ಸೇಬನ್ನು ಮಣಿಕಟ್ಟಿಗೆ ತಾಗಿಸಿ ನೋಡಿ ತಿನ್ನಿಸಿದಳು. ನಾಲ್ಕು ಚಮಚ ಒಳಗೆ ಹೋದ ಮೇಲೆ ಮಗಳು ಅವಳನ್ನೇ ದಿಟ್ಟಿಸಿದಳು. ಅವಳು ತುಟಿ ಬಿಗಿದು ನಕ್ಕಳು. ಮಗಳೂ ಪುಟ್ಟ ತುಟಿಗಳನ್ನು ಒಳಗೆಳೆದುಕೊಂಡು, ಎರಡೂ ಹಲ್ಲು ಮುಚ್ಚಿ, ಕಣ್ಣಲ್ಲೇ ನಕ್ಕಳು.

"ಅಯ್ಯೋ, ಥೇಟ್ ನಿನ್ನ ಹಾಗೇ ನಗ್ತಾಳೆ ನೋಡು," ಎಂದರು ಅತ್ತೆ, ಹಿಗ್ಗಿನಿಂದ.

ಅವಳ ಕೈಯಲ್ಲಿ ಚಮಚ ಹಾಗೇ ಉಳಿಯಿತು.

ಹೊಲಿದ ಬಟ್ಟೆ ಕೊಡಲು ಹೋಗುವ ದಾರಿಯಲ್ಲೇ ಹಲ್ಲಿನ ವೈದ್ಯರ ಮೆಟ್ಟಿಲಿತ್ತು. ಅದಕ್ಕಾಗಿಯೇ ಅವಳು ಯಾವಾಗಲೂ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದಳು.

ಮಗು ಮಲಗಿದ ಮೇಲೆ ಯಂತ್ರದ ಮುಂದೆ ಕೂತಳು.

"ನಾಳೆ ಬಟ್ಟೆ ಕೊಟ್ಟು ಬೇಗ ಬರ್ತೀಯ ತಾನೇ?" ಅತ್ತೆ ಕೇಳಿದರು.

"ಸ್ವಲ್ಪ ತಡ ಆಗಬಹುದು ಅತ್ತೆ."

ಹೊಲಿಗೆ ಮುಗಿಯಿತು. ಅಭ್ಯಾಸದಂತೆ ಬಾಯಿಗೆ ಒಯ್ದ ನೂಲನ್ನು ಕೆಳಗಿಳಿಸಿ, ಬಟ್ಟೆಚೂರುಗಳ ನಡುವೆ ಕತ್ತರಿಗಾಗಿ ತಡಕಾಡಿದಳು.