ಹೊಡೆದದ್ದು ಒಂದೇ

"ಹಗ್ಗ ಗಟ್ಟಿಯಾಗಿ ಬಿಗಿಯೋ. ಬಾಡಿಗೆ ಸಿಪಾಯಿ ಅವನು. ದಾರೀಲಿ ಯಾರಾದ್ರೂ ಹೆಚ್ಚಿಗೆ ಕೊಡ್ತೀನಿ ಅಂದ್ರೆ ಪೆಟ್ಟಿಗೆಯಿಂದ ಎದ್ದು ಹೋಗಿಬಿಟ್ಟಾನು!"

ಚಾಸಿಬ್ ಇದನ್ನು ಹೇಳಿದ್ದು ಮೂವತ್ತು ಜನರ ಎದುರಿಗೆ. ಕಾರಿನ ಮೇಲೆ ನಿಂತು ಅಪ್ಪನ ಶವಪೆಟ್ಟಿಗೆಗೆ ಹಗ್ಗ ಸುತ್ತುತ್ತಿದ್ದ ಗಾನಿಮ್‌ನ ಕೈ ಅಲ್ಲೇ ನಿಂತಿತು. ಕೆಳಗೆ ಇಬ್ಬರು ನಕ್ಕರು. ನಕ್ಕದ್ದು ಎಲ್ಲರಿಗೂ ಕೇಳಿಸಿತು ಅಂತ ಗೊತ್ತಾದ ಮೇಲೆ ಕೆಮ್ಮಿದರು.

ಚಾಸಿಬ್ ಸತ್ತ ಮಿಜ್ಬಾನ್‌ನ ದಾಯಾದಿ, ಪಕ್ಕದ ಮನೆಯವನು. ಹದಿಮೂರು ವರ್ಷದಿಂದ ಮಿಜ್ಬಾನ್‌ನ ಎದುರು ಜೋರಾಗಿ ಸೀನಿದವನೂ ಅಲ್ಲ. ನಿನ್ನೆ ಸಂಜೆ ಮಿಜ್ಬಾನ್‌ನ ಎದೆಬಡಿತ ನಿಂತಿತು, ಇವತ್ತು ಬೆಳಿಗ್ಗೆ ಇವನ ಬಾಯಿ ತೆರೆಯಿತು.

"ಕಾಕಾ, ಹೆಣದ ಮುಂದೆ..."

"ಮತ್ತೆ ಯಾವಾಗ ಹೇಳಲಿ? ಬದುಕಿದ್ದಾಗ ಹೇಳೋಕೆ ಬಿಟ್ಟನಾ ನಿಮ್ಮಪ್ಪ? ಪರದೇಶದವರ ಬಂದೂಕು ಹಿಡ್ಕೊಂಡು ನಮ್ಮವನನ್ನೇ ಯಾವನನ್ನೋ ಕೊಂದ. ಆಗಲಿ, ನಲವತ್ತನೇ ದಿನದ ಊಟ ಮುಗೀಲಿ. ಕಾಲುವೆ ಪಕ್ಕದ ಆ ಮೂರು ಖರ್ಜೂರದ ಮರ ಯಾರದು ಅಂತ ಮಾತಾಡೋಣ."

ಮರ ಯಾರದು ಅಂತ ಊರಿಗೆಲ್ಲ ಗೊತ್ತು. ಅವುಗಳ ಹಣ್ಣಿನಿಂದಲೇ ಗಾನಿಮ್‌ನ ತಾಯಿ ಸಬ್ರಿಯಾಳ ವರ್ಷ ಕಳೆಯುವುದೂ ಗೊತ್ತು.

ಗಾನಿಮ್ ಕೆಳಗೆ ಧುಮುಕಿದ. ಅವನ ಮುಷ್ಟಿಯನ್ನು ಗಾಳಿಯಲ್ಲೇ ಹಿಡಿದವನು ಲಫ್ತಾ. ಜುಬೇರ್‌ನಿಂದ ನಸುಕಿಗೇ ಕಾರು ಓಡಿಸಿಕೊಂಡು ಬಂದಿದ್ದ ಈ ಡೊಳ್ಳುಹೊಟ್ಟೆಯ ಮನುಷ್ಯ ಮಿಜ್ಬಾನ್ ಜೊತೆ ಲಾರಿ ಕಾಯುವ ಪರದೇಶಿ ಕಂಪನಿಯಲ್ಲಿ ಏಳು ವರ್ಷ ದುಡಿದವನು. ಪೆಟ್ಟಿಗೆ ಇದ್ದದ್ದು ಅವನ ಕಾರಿನ ಮೇಲೆಯೇ.

"ಮೊದಲು ಗಂಟು ಹಾಕು, ಮಗನೇ," ಎಂದ ಲಫ್ತಾ. "ನಜಫ್‌ನ ಖಬರಸ್ತಾನಕ್ಕೆ ಐದು ಗಂಟೆ ದಾರಿ. ಜಗಳ ಎಲ್ಲೂ ಓಡಿಹೋಗಲ್ಲ. ಪೆಟ್ಟಿಗೆ ಜಾರಿದ್ರೆ ಮಾತ್ರ ನಿಮ್ಮಪ್ಪ ನನ್ನನ್ನ ಬಿಡಲ್ಲ. ಸಾಮಾನು ಕಟ್ಟೋ ವಿಷಯದಲ್ಲಿ ಅವನಷ್ಟು ಪೀಡೆ ಇನ್ನೊಬ್ಬನಿಲ್ಲ."

*

ಹದಿಮೂರು ವರ್ಷದ ಹಿಂದೆ, ಕಂಪನಿ ಬಾಗಿಲು ಮುಚ್ಚಿ ಮಿಜ್ಬಾನ್ ಊರಿಗೆ ಮರಳಿದ ವಾರ. ಜೊಂಡಿನ ಚಾವಣಿಯ ಕುಲದ ಚಾವಡಿಯಲ್ಲಿ ಗಂಡಸರೆಲ್ಲ ಗೋಡೆಗೆ ಒರಗಿ ಕೂತಿದ್ದರು. ಆರು ವರ್ಷದ ಗಾನಿಮ್ ಅಪ್ಪನ ಮೊಣಕಾಲಿಗೆ ಅಂಟಿಕೊಂಡಿದ್ದ. ಚಾಸಿಬ್ ಅವನನ್ನು ಮಗನ ಹೆಸರಿನಿಂದ ಕರೆದು ಎಲ್ಲರಿಗೂ ಕೇಳುವಂತೆ ಕೆಣಕಿದ್ದ:

"ಏನಪ್ಪಾ ಅಬು ಗಾನಿಮ್, ಏಳು ವರ್ಷ ಅವರ ಲಾರಿ ಕಾಯ್ದೆಯಲ್ಲ, ಎಷ್ಟು ಹೊಡೆದೆ?"

ಮಿಜ್ಬಾನ್ ಕಹಿ ಕಾಫಿಯನ್ನು ಗುಟುಕರಿಸಿ, ಸ್ವಲ್ಪ ಯೋಚಿಸಿ, "ಒಂದು" ಎಂದ.

ಕಾಫಿ ಬಗ್ಗಿಸುತ್ತಿದ್ದವನು ಬಟ್ಟಲು ತುಂಬಿ ಹರಿಯುವವರೆಗೂ ಬಗ್ಗಿಸಿದ. ಸಾವಿರ ಹೊಡೆದೆ ಅಂದಿದ್ದರೆ ನಕ್ಕು ಬಿಡುತ್ತಿದ್ದರು. ಲೆಕ್ಕ ಇಟ್ಟುಕೊಂಡವನಂತೆ ಒಂದು ಅಂದನಲ್ಲ! ಮರುದಿನದಿಂದ ಮೊದಲ ಕಾಫಿ ಮಿಜ್ಬಾನ್‌ಗೆ. ನೀರಿನ ಪಾಳಿಗಾಗಿ ಊರಿನ ಇಬ್ಬರು ಅಣ್ಣತಮ್ಮಂದಿರು ಸಲಿಕೆ ಎತ್ತಿದಾಗ ಅವನನ್ನು ಕರೆಸಿದರು. ಅವನು ಹೋಗಿ ಸುಮ್ಮನೆ ಕೂತ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರಿಂದ ಅವರ ಮುಖ ಕಾಣದೆ ಕಣ್ಣು ಕಿರಿದು ಮಾಡಿದ. ಗುರಿ ಹಿಡಿಯುತ್ತಿದ್ದಾನೆ ಅಂದುಕೊಂಡು ಇಬ್ಬರೂ ಸಲಿಕೆ ಕೆಳಗಿಟ್ಟರು.

ಊರಿಗೆ ಅದು ಕತೆ. ಗಾನಿಮ್‌ಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು. ಶಾಲೆಯ ಬೆಂಚಿನಲ್ಲಿ ಪಕ್ಕದ ಹುಡುಗರು ಜರುಗಿ ಕೂರುತ್ತಿದ್ದರು. ಹದಿನೈದನೇ ವಯಸ್ಸಿಗೆ ಅವನು ಶಾಲೆ ಬಿಟ್ಟ ದಿನ ನೇರವಾಗಿ ಕೇಳಿದ್ದ: "ಯಾರಪ್ಪಾ ಅವನು? ಹೆಂಡತಿ ಮಕ್ಕಳಿದ್ರಾ ಅವನಿಗೆ?"

ಮಿಜ್ಬಾನ್‌ನ ಮೀಸೆಯ ಕೆಳಗೆ ಏನೋ ಅಲುಗಿತ್ತು. "ನಿನ್ನ ಮದುವೆ ದಿನ ಹೇಳ್ತೀನಿ."

ಮನೆಯವರೆಲ್ಲ ಒಂದೇ ತಟ್ಟೆಯಲ್ಲಿ ಉಣ್ಣುವ ಆ ಊರಲ್ಲಿ, ಅವತ್ತಿನಿಂದ ಗಾನಿಮ್ ಅಪ್ಪನ ತಟ್ಟೆಯಲ್ಲಿ ಕೈ ಹಾಕಿ ಉಂಡಿರಲಿಲ್ಲ. ಈಗ ಮದುವೆಗೆ ಮೊದಲೇ ಪೆಟ್ಟಿಗೆ ಬಂದಿತ್ತು.

*

ಕಾರಿನ ಆ ಬದಿಗೆ, ಜನರಿಂದ ಮರೆಯಾಗಿ, ಗಾನಿಮ್ ಹಗ್ಗ ಎಳೆಯುತ್ತ ಕೇಳಿದ:

"ಲಫ್ತಾ ಕಾಕಾ, ನೀವು ಜೊತೇಲೇ ಇದ್ರಿ. ನಿಜ ಹೇಳಿ. ಅಪ್ಪ ಕೊಂದದ್ದು ಯಾರನ್ನ?"

"ಕೊಂದದ್ದಾ? ಮಿಜ್ಬಾನಾ?"

"ಒಂದು ಅಂತ ಅವನೇ ಹೇಳಿದ್ನಲ್ಲ, ಚಾವಡೀಲಿ."

ಲಫ್ತಾ ಹಗ್ಗ ಬಿಟ್ಟ. "ತಾಳು, ತಾಳು. ಒಬ್ಬ ಅಂದನಾ, ಒಂದು ಅಂದನಾ?"

ಗಾನಿಮ್ ನೆನಪು ಮಾಡಿಕೊಂಡ. "...ಒಂದು."

ಲಫ್ತಾ ಟೈರಿಗೆ ಒರಗಿ ಕುಕ್ಕರಿಸಿದ. ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡ. ಹೊಟ್ಟೆ ಕುಣಿಯತೊಡಗಿತು, ಕಣ್ಣಲ್ಲಿ ನೀರು. ದೂರದಿಂದ ಕಂಡ ಒಬ್ಬ ಮುದುಕ "ಪಾಪ, ಗೆಳೆಯ ನೋಡಿ, ಎಷ್ಟು ಅಳ್ತಿದಾನೆ" ಎಂದ.

*

ಕಂಪನಿಯ ಬಿಡಾರದ ಬಾಗಿಲಲ್ಲಿ ಮರಳು ತುಂಬಿದ ಒಂದು ಎಣ್ಣೆ ಡ್ರಮ್ಮು ವಾರೆಯಾಗಿ ಕೂತಿರುತ್ತಿತ್ತು. ಹೊರಗಿನಿಂದ ಬಂದ ಪ್ರತಿಯೊಬ್ಬ ಕಾವಲಿನವನೂ ಬಂದೂಕಿನ ಮೂತಿಯನ್ನು ಅದರೊಳಗೆ ಇಟ್ಟು, ಮ್ಯಾಗಜಿನ್ ಕಳಚಿ, ಕೊಳವೆಯಲ್ಲಿ ಉಳಿದ ಗುಂಡು ಉದುರಿಸಿ, ಖಾಲಿ ಬಂದೂಕಿನ ಕುದುರೆ ಎಳೆದು ತೋರಿಸಬೇಕು. ಟಿಕ್ ಅಂದರೆ ಒಳಗೆ ಊಟ. ಢಂ ಅಂದರೆ ಅವತ್ತೇ ಮನೆಗೆ.

ಆ ಮಧ್ಯಾಹ್ನ ಲಾರಿಗಳ ಜೊತೆ ಬಂದಿಳಿದ ಮಿಜ್ಬಾನ್‌ಗೆ ಬಾಗಿಲಲ್ಲೇ ಫೋನು ಬಂತು. ಗಂಡು ಮಗು. ಅವರ ಕಡೆ ಗಂಡು ಹುಟ್ಟಿದರೆ ಅಪ್ಪ ಆಕಾಶಕ್ಕೆ ಗುಂಡು ಹಾರಿಸಬೇಕು. ಅವನು ಫೋನು ಜೇಬಿಗಿಟ್ಟ, ಮೂತಿಯನ್ನು ಡ್ರಮ್ಮಿಗಿಟ್ಟ, ಮ್ಯಾಗಜಿನ್ ಕಳಚಿದ, ಕುದುರೆ ಎಳೆದ.

ಢಂ.

ಮರಳು ಕಾರಂಜಿಯಂತೆ ಮೇಲಕ್ಕೆದ್ದು ಬಿಳಿಯ ಸಾಹೇಬನ ಟೀ ಲೋಟದಲ್ಲಿ ಬಿತ್ತು. ವಿಚಾರಣೆಯಲ್ಲಿ ಮಿಜ್ಬಾನ್ ಮೀಸೆ ಒರೆಸಿಕೊಳ್ಳುತ್ತ, ಮಗ ಹುಟ್ಟಿದ ಅಂದ. ಸಾಹೇಬನಿಗೆ ಮೂರೂ ಹೆಣ್ಣುಮಕ್ಕಳೇ. ಕೆಲಸ ಉಳಿಸಿ ಬಂದೂಕು ಕಿತ್ತುಕೊಂಡ. ಆಮೇಲಿನ ಆರು ವರ್ಷ ಮಿಜ್ಬಾನ್ ಸಾಲಿನ ಮೊದಲ ಗಾಡಿಯನ್ನು ಬರಿಗೈಯಲ್ಲಿ ಓಡಿಸಿದ. ಸೊಂಟದ ಗುಂಡಿನ ಚೀಲದಲ್ಲಿ ಸಕ್ಕರೆ ಡಬ್ಬಿ.

*

"ಮರೆತು ಎಳೆದನಾ, ಬೇಕಂತಲೇ ಎಳೆದನಾ, ದೇವರೊಬ್ಬನಿಗೇ ಗೊತ್ತು," ಲಫ್ತಾ ಕಣ್ಣೊರೆಸಿಕೊಂಡ. "ಏಳು ವರ್ಷಕ್ಕೆ ಅವನು ಹೊಡೆದದ್ದು ಒಂದು. ಅದೂ ನೀನು ಹುಟ್ಟಿದ ಗುಂಡು, ಕತ್ತೆ!"

ಗಾನಿಮ್ ಕೊನೆಯ ಗಂಟನ್ನು ಜಗ್ಗಿ ಬಿಗಿದ. ನಾಲ್ಕು ವರ್ಷ ಬೇರೆ ತಟ್ಟೆ. ಕೂಗಿ ಹೇಳಬೇಕು, ಈಗಲೇ, ಎಲ್ಲರ ಮುಂದೆ. ಅವನು ತಿರುಗಿದ. ಕಪ್ಪು ಮೇಲುಡುಪು ಹೊದ್ದ ತಾಯಿ ಬಾಗಿಲಿನಿಂದ ಇಳಿದು ಅಲ್ಲೇ ನಿಂತಿದ್ದಳು.

"ಗೊತ್ತಾಯ್ತಾ?" ಎಂದಳು ಸಬ್ರಿಯಾ.

"ನಿನಗೆ ಗೊತ್ತಿತ್ತಾ ಅಮ್ಮಾ?"

"ನಾನೇ ಅಲ್ವೇನೋ ಫೋನ್ ಮಾಡ್ಸಿದ್ದು."

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ? ಊರೆಲ್ಲ ಕೊಲೆಗಾರ ಅಂತು ಅವನನ್ನ!"

"ಮೊದಲ ದಿನವೇ ಹೇಳೋಕೆ ಹೊರಟಿದ್ದ. 'ಒಂದು ಅಂದೆ, ಸಬ್ರಿಯಾ, ಏನು ಒಂದು ಅಂತ ಒಬ್ಬನೂ ಕೇಳಲಿಲ್ಲ' ಅಂದ. ಆ ವಾರವೇ ಚಾಸಿಬ್ ಕಾಲುವೆ ಹತ್ತಿರ ಬೇಲಿಗೆ ಗೂಟ ತಂದಿದ್ದ. ನಿಮ್ಮಪ್ಪ ಹೊರಗೆ ಬಂದು ನಿಂತ. ಅಷ್ಟೇ, ಗೂಟ ವಾಪಸ್ ಹೋಯ್ತು." ಅವಳು ಮಗನ ಅಂಗಿಯ ಧೂಳು ಕೊಡವಿದಳು. "ನೀನು ಈಗ ಕೂಗಿ ಹೇಳು, ಬೇಡ ಅನ್ನಲ್ಲ. ಎಲ್ರೂ ನಗ್ತಾರೆ. ನಿಮ್ಮಪ್ಪ ಒಳ್ಳೆಯವನಾಗ್ತಾನೆ. ನಾಳೆ ಗೂಟ ಬರುತ್ತೆ."

"ನಾನು ಒಳ್ಳೆಯವನ ಮಗ ಅಂತ ಯಾರಿಗೂ ಗೊತ್ತಾಗಬಾರದಾ ಹಾಗಾದ್ರೆ?"

"ನಿನಗೆ ಗೊತ್ತಾಯ್ತಲ್ಲ," ಎಂದಳು.

ಲಫ್ತಾ ಇಂಜಿನ್ ಶುರು ಮಾಡಿದ. ಗಾಡಿಗಳು ಸಾಲಾಗಿ ನಿಂತಿದ್ದವು. ಚಾಸಿಬ್ ಮಾತ್ರ ದಾರಿಗೆ ಅಡ್ಡ ನಿಂತಿದ್ದ, ಸೊಂಟಕ್ಕೆ ಎರಡೂ ಕೈ ಕೊಟ್ಟುಕೊಂಡು.

"ಏನೋ, ಅವಾಗ ಹಾರಿ ಬಂದೆಯಲ್ಲ? ಹೇಳು ಎಲ್ಲರ ಮುಂದೆ. ಯಾರನ್ನ ಹೊಡೆದ ನಿಮ್ಮಪ್ಪ? ಹೆಸರು ಹೇಳು! ಇಲ್ಲಾ ಸುಳ್ಳು ಬಡಾಯಿ ಅಂತ ಒಪ್ಕೋ."

ಗಾನಿಮ್ ಬಾಯಿ ತೆರೆದ. ಡ್ರಮ್ಮು ಎಂಬ ಪದ ನಾಲಗೆಯ ತುದಿಗೆ ಬಂದು ಕೂತಿತ್ತು. ಹಿಂದೆಯೇ ಸಾಹೇಬನ ಟೀ ಲೋಟ, ಸಕ್ಕರೆ ಡಬ್ಬಿ. ಇನ್ನೊಂದು ಕ್ಷಣ ಚಾಸಿಬ್‌ನ ಮುಖ ನೋಡಿದರೆ ನಗು ಒಡೆದು ಕೆಲಸ ಕೆಟ್ಟಿತು ಅನ್ನಿಸಿ ಅವನು ಬಾಯಿ ಮುಚ್ಚಿದ, ಹಲ್ಲು ಕಚ್ಚಿದ, ಬೆನ್ನು ತಿರುಗಿಸಿ ಮೊದಲ ಕಾರಿನ ಕಡೆ ನಡೆದ.

ಹಿಂದಿನಿಂದ ಕಂಡದ್ದು ಅವನ ಭುಜಗಳು ಮಾತ್ರ. ಅವು ಅದುರುತ್ತಿದ್ದವು, ತಡೆಯಲಾಗದೆ, ಮತ್ತೆ ಮತ್ತೆ. ಎದುರಿಗಿದ್ದವರು ಆ ಕಚ್ಚಿದ ಹಲ್ಲನ್ನು ಸಿಟ್ಟು ಅಂದುಕೊಂಡು, ಒಬ್ಬರನ್ನೊಬ್ಬರು ಎಳೆದುಕೊಂಡು ಅವನಿಗೆ ದಾರಿ ಬಿಟ್ಟರು. ಅವನ ಬೆನ್ನ ಹಿಂದೆ ಚಾಸಿಬ್‌ನ ಚಪ್ಪಲಿ ಒಂದು ಹೆಜ್ಜೆ, ಆಮೇಲೆ ಇನ್ನೊಂದು ಹೆಜ್ಜೆ, ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ಗಾನಿಮ್ ತಿರುಗಿ ನೋಡದೆ ನಡೆಯುತ್ತಲೇ ಇದ್ದ.