ಪೆನ್ಸಿಲಿನಲ್ಲಿ ಬರೆದ ಕೊಲೆಗಾರ

ಗೋಕಾಕದ ವಾಚನಾಲಯದಲ್ಲಿ ಪತ್ತೇದಾರಿ ಕಾದಂಬರಿ ಓದುವವರಿಗೆಲ್ಲ ಗುರುಲಿಂಗಪ್ಪ ಮಾಸ್ತರರ ಕಾಟ ಗೊತ್ತು. ಗಣಿತ ಕಲಿಸಿ ನಿವೃತ್ತರಾದವರು. ಹೊಸ ಪುಸ್ತಕ ಬಂದರೆ ಮೊದಲು ಇವರ ಕೈಗೇ. ಓದುತ್ತ ಓದುತ್ತಲೇ ಕೊಲೆಗಾರನ ಹೆಸರನ್ನು ಪೆನ್ಸಿಲಿನಿಂದ ಹಾಳೆಯ ಅಂಚಿಗೆ ಬರೆದು, ಕೆಳಗೆ ಎರಡು ಗೆರೆ ಎಳೆದುಬಿಡುವರು. ಮುಂದಿನವರ ಓದು ಅಲ್ಲಿಗೇ ಮಣ್ಣುಪಾಲು. ಬೈಯೋಣವೆಂದರೆ ಬಾಯಿಗೆ ಬೀಗ, ಯಾಕೆಂದರೆ ಅವರು ಬರೆದದ್ದು ಒಮ್ಮೆಯೂ ತಪ್ಪಿರಲಿಲ್ಲ.

ಶೈಲಾ ಹುಕ್ಕೇರಿ–ಮೂಡಲಗಿ ಬಸ್ಸಿನ ಕಂಡಕ್ಟರ್. ಮೂಡಲಗಿಯಲ್ಲಿ ಬಸ್ಸು ತಿರುಗಿ ಹೊರಡುವವರೆಗೆ ಸಿಗುವ ಅರ್ಧ ಗಂಟೆಯಲ್ಲಿ ಅವಳು ಓದುವುದೂ ಇಂಥ ಪುಸ್ತಕಗಳನ್ನೇ. ಈ ಸಲದ್ದು ಗಣಿತದ ಒಗಟುಗಳಿಂದಲೇ ಹೆಣೆದ ಕೊಲೆಯ ಕಥೆ. ಕೊನೆಯ ಅಧ್ಯಾಯದ ಹಾಳೆಗಳನ್ನು ಅಂಟಿಸಿಯೇ ಮಾರಿದ್ದರು. ಉತ್ತರ ಹೊಳೆದ ಮೇಲೆ ಬಿಡಿಸಿ ನೋಡಬೇಕಂತೆ. ಮಾಸ್ತರರು ಬಿಡಿಸುವ ಗೋಜಿಗೇ ಹೋಗಿರಲಿಲ್ಲ. ಅಂಟಿದ ಹಾಳೆಯ ಮೇಲೆ ‘ಡಾಕ್ಟರ್’ ಎಂದು ಬರೆದು ಎರಡು ಗೆರೆ ಎಳೆದಿದ್ದರು.

ಅದನ್ನು ನೋಡಿ ಶೈಲಾ ನಕ್ಕಳು. ಮಾಸ್ತರರು ತಪ್ಪಿದ್ದರು.

ಈ ನಗುವಿಗೆ ಹದಿನೇಳು ವರ್ಷದ ಹಳೆಯ ಕಾರಣವಿತ್ತು. ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ ಒಂದು ಕಠಿಣ ಲೆಕ್ಕಕ್ಕೆ ಅವಳೊಬ್ಬಳದೇ ಉತ್ತರ ಸರಿ ಬಂದಿತ್ತು. ಆದರೆ ಬಿಡಿಸಿದ ರೀತಿ ಬರೆದಿರಲಿಲ್ಲ, ಮನಸ್ಸಿನಲ್ಲೇ ಮಾಡಿದ್ದಳು. “ಯಾರದ ನೋಡಿ ಬರದಿ?” ಎಂದು ಇದೇ ಮಾಸ್ತರರು ಇಡೀ ವರ್ಗದೆದುರು ಸೊನ್ನೆ ಸುತ್ತಿದ್ದರು. ಯಾರದೂ ಸರಿಯಿಲ್ಲದಾಗ ಯಾರದನ್ನು ನೋಡಿ ಬರೆಯಬೇಕು ಎಂಬ ಲೆಕ್ಕ ಮಾತ್ರ ಆ ಮಹಾ ಗಣಿತಜ್ಞರಿಗೆ ಹೊಳೆಯಲಿಲ್ಲ. ನಕಲು ಮಾಡುವವಳು ಎಂಬ ಹೆಸರು ಶಾಲೆ ಮುಗಿಯುವವರೆಗೂ ಅವಳ ಬೆನ್ನು ಬಿಡಲಿಲ್ಲ. ಆ ಮಾತನ್ನು ಅವರ ಬಾಯಿಂದಲೇ ಹಿಂದಕ್ಕೆ ಪಡೆಯಬೇಕೆಂಬ ಹಟ ಇನ್ನೂ ಆರಿರಲಿಲ್ಲ.

ಮರುದಿನ ಮಧ್ಯಾಹ್ನ ಘಟಪ್ರಭಾದಲ್ಲಿ ಮಾಸ್ತರರು ಬಸ್ಸು ಹತ್ತಿದರು. ಶೈಲಾ ಗೋಕಾಕದ ಟಿಕೆಟ್ ಕೊಟ್ಟು, ಪುಸ್ತಕವನ್ನೂ ಅವರ ತೊಡೆಯ ಮೇಲಿಟ್ಟಳು.

“ಸರ್, ಡಾಕ್ಟರ್ ಅಲ್ರಿ. ಅಡಿಗಿಯಾಂವ.”

ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. “ಯಾರ್ ಹೇಳಿಕೊಟ್ರು ನಿನಗ?”

ಮತ್ತೆ ಅದೇ ಪ್ರಶ್ನೆ. ಅಂದು ಅತ್ತಿದ್ದಳು, ಇಂದು ಕಂಬಿಗೆ ಆನಿಕೊಂಡು ಗಟ್ಟಿಯಾಗಿ ನಿಂತಳು. “ಯಾರೂ ಹೇಳಿಕೊಟ್ಟಿಲ್ರಿ. ನಾನ ಬಿಡಿಸೇನಿ.”

“ಅಂಟು ತಗದ ನೋಡಿಲ್ಲಲಾ?” ತಿರುಗಿಸಿ ನೋಡಿದರು, ಅಂಟು ಹಾಗೆಯೇ ಇತ್ತು. “ಹಂಗಾರ ರೀತಿ ಹೇಳು.”

“ಮೊದಲ ನಿಮ್ಮ ರೀತಿ ಹೇಳ್ರಿ.”

ಮಾಸ್ತರರಿಗೆ ಪಾಠವೆಂದರೆ ಹಬ್ಬ. ಹಿಂದಿನ ಸೀಟಿನ ಕುರಿಗಾರ ಸತ್ತೆಪ್ಪನಿಗೂ ಕೇಳಲೆಂದು ದನಿ ಏರಿಸಿದರು. “ಒಂದ ಬಂಗಲೆ. ಮಾಳಿಗಿ ಮ್ಯಾಲ ಮಾಲಕ ಆರಾಮಿಲ್ಲಂತ ಮಲಗ್ಯಾನ. ಕೆಳಗ ಆರು ಮಂದಿ ಊಟಕ್ಕ ಕೂಡ್ತಾರ. ಊಟ ಮುಗಿಯೂದ್ರಾಗ ಮಾಲಕನ ಕೊಲಿ. ಅವತ್ತ ಕೆಳಗ ಎಷ್ಟು ಮಂದಿ ಕೈ ಕುಲುಕಿದ್ರಿ ಅಂತ ಪೊಲೀಸರು ಕೇಳ್ತಾರ. ಐದು ಮಂದಿ ಐದೈದು ಅಂತಾರ, ಡಾಕ್ಟರ್ ಒಬ್ಬಾಂವ ಆರು ಅಂತಾನ. ಇರೂದ ಆರು ಮಂದಿ, ತನ್ನ ಕೈ ತಾನ ಕುಲುಕ್ಯಾನೇನು? ಎಲ್ಲಾ ಕೂಡಿಸಿದರ ಮೂವತ್ತೊಂದು. ಒಮ್ಮೆ ಕುಲುಕಾಕ ಎರಡ ಕೈ ಬೇಕು, ಅಂದಮ್ಯಾಲ ಮೊತ್ತ ಸಮಸಂಖ್ಯೆನ ಬರಬೇಕು. ಬೆಸ ಬಂದೈತಿ. ಡಾಕ್ಟರ್ ಸುಳ್ಳ ಹೇಳ್ಯಾನ!”

ಸತ್ತೆಪ್ಪ ಹೌದೌದೆಂದು ತಲೆದೂಗಿದ.

“ಚಲೋ ಐತ್ರಿ,” ಎಂದಳು ಶೈಲಾ. “ಈಗ ಈ ಬಸ್ಸಿನಾಗ ಎಷ್ಟು ಮಂದಿ ಅದಾರ, ಎಣಿಸ್ರಿ ಸರ್.”

ಮಾಸ್ತರರು ಎದ್ದು ಎಣಿಸಿದರು. “ನನ್ನ ಹಿಡದು ಹತ್ತೊಂಬತ್ತು.”

“ಇಪ್ಪತ್ತೊಂದ್ರಿ. ಬಸ್ ಹೊಡಿಯಾಂವ ಬಾಳೇಶಣ್ಣ ಎಲ್ಲಿ ಹೋದ? ಟಿಕೆಟ್ ಕೊಟ್ಟಾಕಿ ನಾ ಎಲ್ಲಿ ಹೋದೆ? ದಿನಾ ನೋಡ್ತೇನ್ರಿ, ಯಾರ ಎಣಿಸಿದರೂ ನಮ್ಮಿಬ್ಬರನ್ನ ಬಿಟ್ಟ ಎಣಿಸ್ತಾರ.”

ಮಾಸ್ತರರು ಡ್ರೈವರ್ ಸೀಟಿನತ್ತ ಕತ್ತು ಚಾಚಿ ನೋಡಿದರು. ಶೈಲಾ ಮುಂದುವರಿಸಿದಳು.

“ಆರು ಮಂದಿ ಉಂಡ್ರು ಅಂತ ಬರದಾರ. ಬಡಿಸಿದಾಂವ ಯಾರ್ರಿ? ಅಡಿಗಿಯಾಂವ ರಜಾ ಹಾಕಿ ಊರಿಗಿ ಹೋಗಿದ್ದೆ ಅಂತಾನ. ಬಿಸಿಬಿಸಿ ಪಲ್ಯಾ ತಾನ ನಡಕೊಂಡ ಬಂತೇನು? ಡಾಕ್ಟರ್ ಅವನ ಕೈನೂ ಕುಲುಕ್ಯಾನ. ಉಳದ ಐದು ಮಂದಿ, ಬಡಿಸಾಂವ ಅಂತ, ಅವನ ಮಾರಿ ಸುದ್ದಾ ನೋಡಿಲ್ಲ. ಅವನದೊಂದು ಸೇರಿಸ್ರಿ, ಮೂವತ್ತೆರಡು, ಸಮ ಬಂತು. ಸುಳ್ಳ ಹೇಳಿದಾಂವ ಅಡಿಗಿಯಾಂವ. ಮತ್ತ ಡಾಕ್ಟರ್ ಸುಳ್ಳ ಹೇಳಾಂವಿದ್ರ ಸುಮ್ಮ ಐದು ಅಂತಿದ್ದ. ಎಲ್ಲಾರ ಕಣ್ಣಿಗಿ ಬೀಳೂ ಹಂಗ ಆರು ಯಾಕ ಅಂತಾನ್ರಿ?”

ಮಾಸ್ತರರು ಕನ್ನಡಕ ತೆಗೆದು ಅದರ ಕಡ್ಡಿಯಿಂದ ಅಂಟು ಬಿಡಿಸಿ, ಮತ್ತೆ ಏರಿಸಿಕೊಂಡು ನಾಲ್ಕು ಪುಟ ಓದಿದರು. ಶೈಲಾ ಬಗ್ಗಿ ನೋಡಲಿಲ್ಲ. ಅವಳಿಗೆ ನೋಡುವ ಜರೂರು ಇರಲಿಲ್ಲ.

ಓದಿ ಮುಗಿಸಿ ಅವರು ಅಂಗಿಯ ಕಿಸೆಯಿಂದ ರಬ್ಬರು ತೆಗೆದರು. ‘ಡಾಕ್ಟರ್’ ಅಳಿಸಿತು, ಒತ್ತಿ ಎಳೆದ ಎರಡು ಗೆರೆಗಳ ಗುರುತು ಮಾತ್ರ ಉಳಿಯಿತು.

“ಶೈಲಾ,” ಎಂದರು ಮೆಲ್ಲಗೆ, “ಅವತ್ತ ನಾ ರೀತಿ ಕೇಳಬೇಕಾಗಿತ್ತು. ಕೇಳಲಿಲ್ಲ. ನೀ ನಕಲ್ ಮಾಡಿರಲಿಲ್ಲ.”

“ಜೋರಾಗಿ ಹೇಳ್ರಿ ಸರ್. ಅವತ್ತ ಇಡೀ ವರ್ಗಕ್ಕ ಕೇಳಿಸಿತ್ತು.”

ಮಾಸ್ತರರು ಕಂಬಿ ಹಿಡಿದು ಎದ್ದು ನಿಂತರು. ವರ್ಗದಲ್ಲಿ ಕೂಗುತ್ತಿದ್ದ ಅದೇ ಹಳೆಯ ದನಿ ತೆಗೆದರು. “ಈಕಿ ನಕಲ್ ಮಾಡಿರಲಿಲ್ಲ! ಲೆಕ್ಕ ಈಕಿದ ಖರೆ ಇತ್ತು!”

ಏನು ಎತ್ತ ತಿಳಿಯದಿದ್ದರೂ, ಬಸ್ಸಿನಲ್ಲಿದ್ದ ಇಪ್ಪತ್ತೊಂದು ಜನಕ್ಕೂ ಕೇಳಿಸಿತು. ಶೈಲಾಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳದೆ ಸೀಟಿ ಊದಿ, “ಗೋಕಾಕ ಬಂತು, ಇಳಿಯೋರು ಮುಂದ ಬರ್ರಿ,” ಎಂದು ಕೂಗಿದಳು.