ನಗುತ್ತಾ ಹೇಳಿದ ಮಾತು

"ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು ಅಂತಿದಾಳೆ ನನ್ನ ಹೆಂಡತಿ," ಎಂದು ಓಲ್ದ್ರಿಖ್ ಇಂಗ್ಲಿಷಿನಲ್ಲಿ ಹೇಳಿದ. ಅತಿಥಿಗಳೆಲ್ಲ ನಕ್ಕು ತಮ್ಮ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು.

ಬ್ಲಾಜೆನಾ ಹೇಳಿದ್ದು ಅದಲ್ಲ. ಹಿಟ್ಟನ್ನು ಹಲಗೆಯ ಮೇಲೆ ಮಗುಚಿ ನಾದುತ್ತಾ, ಮುಖದ ಮೇಲಿನ ನಗು ಮಾಸದಂತೆ ನೋಡಿಕೊಂಡು, ಚೆಕ್ ಭಾಷೆಯಲ್ಲಿ ಅವಳು ಹೇಳಿದ್ದೇ ಬೇರೆ. "ಕ್ವೇತಾಗೆ ಬಲಗೈ ಇನ್ನೂ ಏಳ್ತಿಲ್ವಂತೆ. ಬೆಳಿಗ್ಗೆ ನರ್ಸ್ ಫೋನ್ ಮಾಡಿದ್ಲು. ತಂಗಿ ಹತ್ರ ನಾನು ಹೋಗ್ಲೇಬೇಕು ಓಲ್ದಾ."

ಓಲ್ದ್ರಿಖ್ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವನು. ಗಡಿಗಳು ಮುಚ್ಚಿದ್ದ ಕಾಲದಲ್ಲಿ, ತಾನೆಂದೂ ಕಾಣಲಾರದ ದೇಶಗಳನ್ನು ನಕಾಶೆಯ ಮೇಲೆ ಕೋಲಿನಿಂದ ತೋರಿಸಿಯೇ ಹರೆಯ ಕಳೆದಿದ್ದ. ನಿವೃತ್ತನಾದ ಮೇಲೆ 'ಚೆಕ್ ಮನೆಯಲ್ಲೊಂದು ಭಾನುವಾರದ ಊಟ' ಎಂದು ಜಾಹೀರಾತು ಹಾಕಿದ. ಆಗ ಆ ದೇಶಗಳೇ ಓಲೊಮೋತ್ಸ್ ಊರಿನ ಇವರ ಫ್ಲ್ಯಾಟಿಗೆ ಲಿಫ್ಟ್ ಹತ್ತಿ ಬರತೊಡಗಿದವು. ಅವನ ಬೆನ್ನು ನೆಟ್ಟಗಾಯಿತು, ಮುಖಕ್ಕೆ ಕಳೆ ಬಂತು. ಬ್ಲಾಜೆನಾಳ ವಾರಕ್ಕೆ ಮಾತ್ರ ಗೋಡೆ ಎದ್ದಿತು. ಶುಕ್ರವಾರ ದನದ ಮಾಂಸವನ್ನು ಗೆಡ್ಡೆಗಳ ಜೊತೆ ನೆನೆಹಾಕಬೇಕು, ಶನಿವಾರ ಬೇಯಿಸಬೇಕು, ಭಾನುವಾರ ಬಡಿಸಬೇಕು. ಉಳಿದ ದಿನ ಅವನ ಮಂಡಿನೋವು. ಅವನೇನು ಕೈಮಾಡುವವನಲ್ಲ. ಅವಳು ಬಾಯಿ ತೆರೆದರೆ "ಭಾನುವಾರ ಮುಗೀಲಿ" ಎಂದು ರೇಡಿಯೋ ಜೋರು ಮಾಡುತ್ತಿದ್ದ, ಅಷ್ಟೆ.

ಅತಿಥಿಗಳ ಮುಂದೆ ಅವನು ರೇಡಿಯೋ ಹಾಕುವಂತಿರಲಿಲ್ಲ. ಇದು ಅವಳಿಗೆ ಚಳಿಗಾಲದಲ್ಲೊಮ್ಮೆ ಅಕಸ್ಮಾತ್ತಾಗಿ ಹೊಳೆದಿತ್ತು. "ನಂಗೆ ಸಾಕಾಗಿದೆ" ಎಂದು ನಗುತ್ತಾ ಅಂದಿದ್ದಳು. ಅವನೂ ನಗುತ್ತಾ ಅತಿಥಿಗಳಿಗೆ ಎಲೆಕೋಸಿನ ಬಗ್ಗೆ ಏನೋ ಹೇಳಿದ್ದ. ಅಲ್ಲಿಂದಾಚೆ ಹೇಳಬೇಕಾದ್ದನ್ನೆಲ್ಲ ಅವಳು ಹಿಟ್ಟು ನಾದುತ್ತಲೇ ಹೇಳಿದಳು. ಎಂಥ ಲವಲವಿಕೆಯ ಹೆಂಗಸು ಎಂದು ಬಂದವರೆಲ್ಲ ಮೆಚ್ಚಿಕೊಂಡು ಹೋದರು.

ಇವತ್ತು ಬಂದವರು ಅಮೆರಿಕದ ದಂಪತಿ, ಮತ್ತು ಇನೇಸ್ ಎಂಬ ಪೋರ್ಚುಗಲ್ಲಿನ ಹುಡುಗಿ. ಊಟಕ್ಕೆ ಮುಂಚೆ ಓಲ್ದ್ರಿಖ್ ತನ್ನ ಹೆಸರನ್ನು ಎಲ್ಲರ ಬಾಯಲ್ಲೂ ಹೇಳಿಸಿದ. "ನಾಲಿಗೆ ನಡುಗ್ಬೇಕು, ಹಲ್ಲಿನ ಸಂದೀಲಿ ಗಾಳಿ ನುಗ್ಗಬೇಕು!" ಅಮೆರಿಕದ ಗಂಡಸು ಮೇಜಿನ ತುಂಬ ಉಗುಳು ಹಾರಿಸಿದ. ಹುಡುಗಿ ಒಂದೇ ಸಲಕ್ಕೆ ಸರಿಯಾಗಿ ಹೇಳಿದಳು. "ಭೇಷ್!" ಎಂದು ಓಲ್ದ್ರಿಖ್ ಚಪ್ಪಾಳೆ ತಟ್ಟಿದ.

ಬೆಂದ ಹಿಟ್ಟಿನ ಉದ್ದನೆಯ ಮುದ್ದೆ ಹಲಗೆಗೆ ಬಂತು. ಅದಕ್ಕೆ ಚಾಕು ತಗಲಿಸಬಾರದು, ಒಳಗಿನ ಮೆತ್ತನೆ ಹಿಂಡಿಹೋಗುತ್ತದೆ. ಬ್ಲಾಜೆನಾ ಕೆಳಗೆ ದಾರ ತೂರಿಸಿ, ಮೇಲೆ ತಂದು, ಎರಡೂ ಕಡೆಗೆ ಎಳೆದಳು. ಬಿಳಿಯ ಹೋಳು ಮಗ್ಗುಲಾಯಿತು.

"ಅವಳಿಗೆ ಮಾತು ಹೊರಡ್ತಿಲ್ಲ ಓಲ್ದಾ," ಎಂದಳು ನಗುತ್ತಾ. "ದಿನವಿಡೀ 'ಬ್ಲಾ, ಬ್ಲಾ' ಅಂತಾಳಂತೆ. ಏನೋ ತೊದಲ್ತಿದಾಳೆ ಅಂದ್ಕೊಂಡಿದಾರೆ ಅಲ್ಲಿನೋರು. ಅದು ನನ್ನ ಹೆಸರು ಕಣೋ."

"ಇವಳ ಅಜ್ಜಿ ಮದುವೆ ಲಂಗದಿಂದ ಎಳೆದ ದಾರದಲ್ಲೇ ಕತ್ತರಿಸ್ತಿದ್ರಂತೆ," ಎಂದ ಓಲ್ದ್ರಿಖ್. ಅಮೆರಿಕದ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡಳು.

ಇನೇಸ್ ನಗಲಿಲ್ಲ. "ಅಮ್ಮಾ," ಎಂದಳು, ಚೆಕ್ ಭಾಷೆಯಲ್ಲಿ, ವಿಭಕ್ತಿಗಳನ್ನು ಎಡವುತ್ತಾ. "ನಿಮ್ಮ ತಂಗಿ... ಯಾವ ಊರಿಗೆ... ಆಸ್ಪತ್ರೆಯಿಂದ ಇದ್ದಾರೆ?"

ಓಲ್ದ್ರಿಖ್‌ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಯಿಹ್ಲಾವಾ," ಎಂದಳು ಬ್ಲಾಜೆನಾ. ಮುಖದ ಮೇಲೆ ನಗು ಹಾಗೇ ಕೂತಿತ್ತು. ಅದನ್ನು ಹೇಗೆ ಇಳಿಸುವುದೋ ಅವಳಿಗೆ ತಿಳಿಯಲಿಲ್ಲ.

"ಅರೆ, ನಮ್ಮ ಭಾಷೆ ಬರುತ್ತಾ ನಿಮ್ಗೆ? ಮೊದ್ಲೇ ಹೇಳೋದಲ್ವಾ!" ಎಂದ ಓಲ್ದ್ರಿಖ್.

"ಇದೇ ದೇಶದಲ್ಲಿ, ಓಸ್ತ್ರಾವಾದಲ್ಲಿ ಕೆಲಸ ಮಾಡ್ತೀನಿ. ಸ್ವಲ್ಪ ಬರುತ್ತೆ."

"ಏನಂತೆ ವಿಷಯ?" ಎಂದು ಅಮೆರಿಕದವನು ಕೇಳಿದ. "ಏನಿಲ್ಲ, ಈ ಸಾಸಿಗೆ ಕೆನೆ..." ಎಂದು ಓಲ್ದ್ರಿಖ್ ಶುರುಮಾಡಿದ.

"ಅಲ್ಲ," ಎಂದಳು ಇನೇಸ್ ಇಂಗ್ಲಿಷಿನಲ್ಲಿ. "ಇವರ ತಂಗಿಗೆ ಹುಷಾರಿಲ್ಲ. ಇವರಿಗೆ ಅಲ್ಲಿಗೆ ಹೋಗ್ಬೇಕು. ನಾವು ಬಂದಾಗಿಂದ ಅದನ್ನೇ ಹೇಳ್ತಿದಾರೆ."

ಬ್ಲಾಜೆನಾಗೆ ಹಗುರವೆನಿಸುವ ಬದಲು ದಿಗಿಲಾಯಿತು, ಬಚ್ಚಲಿನ ಬಾಗಿಲನ್ನು ಯಾರೋ ಫಕ್ಕನೆ ತೆರೆದಂತೆ. ಮಾತಾಡಲು ಅವಳಿಗಿದ್ದದ್ದು ಅದೊಂದೇ ಮೂಲೆ, ಇನ್ನು ಅದೂ ಇಲ್ಲ. ಮುಂದಿನ ವಾರದಿಂದ ಬರುವವರನ್ನೆಲ್ಲ ಅವನು ಮೊದಲೇ ವಿಚಾರಿಸುತ್ತಾನೆ, ಚೆಕ್ ಬರುತ್ತದೆಯೇ ಎಂದು. ಗಂಡನನ್ನು ಅವಳು ಅಷ್ಟು ಬಲ್ಲಳು. ಈಗ ಕೂತರೆ ಕೂತ ಹಾಗೆಯೇ.

ಅವಳು ಏಪ್ರನ್ ಬಿಚ್ಚಿದಳು.

ಅವನು ಹಜಾರದವರೆಗೂ ಹಿಂದೆಯೇ ಬಂದ. ಕಿವಿಯವರೆಗೂ ಕೆಂಪಾಗಿದ್ದ. "ಬ್ಲಾಜಾ, ಜನ ಊಟಕ್ಕೆ ಕೂತಿದಾರೆ. ನನ್ನ ಮರ್ಯಾದೆ ತೆಗೀಬೇಡ."

"ಎಲ್ಲಾ ಮಾಡಿಟ್ಟಿದೀನಿ. ಬಡಿಸು."

"ನಾಳೆ ನಾನೇ ಕರ್ಕೊಂಡ್ ಹೋಗ್ತೀನಿ, ಆಣೆ."

"ಹೋದ ವಾರಾನೂ ಹಿಂಗೇ ಆಣೆ ಇಟ್ಟೆ."

ಕೋಟಿನ ಗುಂಡಿಗಳ ಮೇಲೆ ಬೆರಳಿನ ಹಿಟ್ಟು ಮೆತ್ತಿಕೊಂಡಿತು. ತಾನೂ ಬರುತ್ತೇನೆಂದು ಇನೇಸ್ ಎದ್ದು ಬಂದಳು. ಬ್ಲಾಜೆನಾ ಬೇಡವೆಂದು ತಲೆಯಾಡಿಸಿದಳು. "ನೀನು ಹೋಗಿ ತಿನ್ನಮ್ಮ. ಆರಿಹೋದ್ರೆ ಚೆನ್ನಾಗಿರಲ್ಲ."

ರೈಲು ಊರು ದಾಟುವಷ್ಟರಲ್ಲಿ ಫೋನು ಬಂತು. "ಸಿಹಿ ಬನ್ನು ಎಲ್ಲಿಟ್ಟಿದೀಯ?" ಅವನು ಪಿಸುಗುಡುತ್ತಿದ್ದ.

"ಓವನ್ನಲ್ಲಿದೆ. ಮೇಲೆ ಬಟ್ಟೆ ಮುಚ್ಚಿದೀನಿ."

"ಶುಕ್ರವಾರದೊಳಗೆ ಬರ್ತೀಯ ತಾನೇ?"

ಅವಳು ಕರೆ ಕತ್ತರಿಸಿದಳು.

ಎದುರಿನ ಮುದುಕ ಮಡಿಸಿದ್ದ ಬೆಳ್ಳಿಕಾಗದ ಬಿಚ್ಚಿದ. ಎರಡೆರಡು ಬ್ರೆಡ್ ಹೋಳುಗಳ ನಡುವೆ ಒಂದೊಂದು ಕರಿದ ಮಾಂಸದ ಬಿಲ್ಲೆ. ಅವಳು ನೋಡುತ್ತಿರುವುದನ್ನು ಕಂಡು ಒಂದನ್ನು ಮುಂದೆ ಚಾಚಿದ. "ತಗೊಳ್ಳಿ. ನಾನೇ ಕರಿದದ್ದು. ಅಂಚು ಸ್ವಲ್ಪ ಸೀದಿದೆ."

"ಬೇಡ, ಬೇಡ," ಎನ್ನುತ್ತಲೇ ಅವಳು ಕೈಚಾಚಿದ್ದಳು. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ.

"ಹೇಗಿದೆ?"

"ಉಪ್ಪು ಜಾಸ್ತಿಯಾಯ್ತು."

"ನನ್ನ ಮಗಳೂ ಅದನ್ನೇ ಅಂತಾಳೆ!" ಮುದುಕ ಗಹಗಹಿಸಿ ನಕ್ಕ.

ಫೋನು ಮತ್ತೆ ಅದುರತೊಡಗಿತು. ಕಿಟಕಿಯಾಚೆ ಸಾಸಿವೆ ಹೂವಿನಂಥ ಹಳದಿ ಹೊಲಗಳು ಹಾದುಹೋಗುತ್ತಿದ್ದವು. ಬ್ಲಾಜೆನಾಳ ಎರಡೂ ಕೈ ಬ್ರೆಡ್ಡನ್ನು ಹಿಡಿದಿದ್ದವು. ಮಡಿಲಲ್ಲಿದ್ದ ಫೋನಿನ ಬೆಳಗುವ ಗಾಜಿನ ಮೇಲೆ ಬ್ರೆಡ್ಡಿನ ಪುಡಿ ಉದುರಿ, ಅದು ಅದುರಿದಷ್ಟು ಹೊತ್ತೂ ಪುಟಪುಟನೆ ಕುಣಿಯಿತು.